ಓದುಗರ ಪ್ರಶ್ನೆ: ಹಣ್ಣಿನ ನೊಣಕ್ಕೂ ವೈರಸ್ ಬರುತ್ತಾ? ಬಂದರೆ ಏನಾಗುತ್ತೆ?

ಹೋದ ಸಂಚಿಕೆಯಲ್ಲಿ ಡ್ರಾಸೊಫಿಲಾ ಎಂಬ ಹಣ್ಣಿನ ನೊಣದ ಬಗ್ಗೆ ಬರೆಯುವಾಗ, "ಹೊರಗಿನಿಂದ ಹಿಡಿದ ಹತ್ತು ನೊಣಗಳಲ್ಲಿ ಮೂರಕ್ಕಾದರೂ ಯಾವುದಾದರೊಂದು ವೈರಸ್ ಇರುತ್ತದೆ" ಎಂದು ಒಂದೇ ಸಾಲು ಹೇಳಿ ಮುಂದೆ ಹೋಗಿದ್ದೆ. ಆ ಸಾಲನ್ನೇ ಹಿಡಿದುಕೊಂಡು ಸುಮಾರು ಜನ ಬರೆದಿದ್ದಾರೆ. ಹಾಗಾಗಿ ಈ ತಿಂಗಳ ಪುಟ ಪೂರ್ತಿ ಅದಕ್ಕೇ.

ಬಾಳೆಹಣ್ಣಿನ ಮೇಲೆ ಸದಾ ಹಾರಾಡುವ ಆ ಪುಟ್ಟ ನೊಣಗಳಿಗೆ ವೈರಸ್ ಇದ್ದರೆ, ಹಣ್ಣು ತಿಂದ ಮಕ್ಕಳಿಗೂ ಅದು ಬರುತ್ತದೆಯೇ? (ಗೃಹಿಣಿ, ಹಾಸನ)

ಬರುವುದಿಲ್ಲ. ಈ ನೊಣಗಳ ವೈರಸ್‌ಗಳು ನೊಣದ ಜೀವಕೋಶಕ್ಕೆ ಒಗ್ಗಿಕೊಂಡವು, ಮನುಷ್ಯರಿಗೆ ಅಂಟಿಕೊಳ್ಳುವುದಿಲ್ಲ. ಆದರೆ ಕಸದ ಬುಟ್ಟಿಯ ಮೇಲೆ ಕೂತ ಕಾಲಿನಲ್ಲೇ ಹಣ್ಣಿನ ಮೇಲೂ ಕೂರುವುದರಿಂದ ಬ್ಯಾಕ್ಟೀರಿಯಾ ತರಬಹುದು. ಹಣ್ಣು ಮುಚ್ಚಿಡಿ, ತೊಳೆದು ಕೊಡಿ. ಅಷ್ಟು ಸಾಕು.

ಶ್ರೀನಿವಾಸಪುರದಿಂದ ಒಬ್ಬರು ಮಾವಿನ ಊಜಿ ನೊಣವೂ ಇದೇನಾ ಎಂದು ಕೇಳಿದ್ದಾರೆ. ಅಲ್ಲ. ಮಾವಿನ ಕಾಯಿಗೆ ಚುಚ್ಚಿ ಮೊಟ್ಟೆ ಇಡುವ ನೊಣ ಬೇರೆ ಕುಟುಂಬದ್ದು, ಗಾತ್ರವೂ ದೊಡ್ಡದು. ನಾವಿಲ್ಲಿ ಮಾತಾಡುತ್ತಿರುವುದು ಕೊಳೆತ ಹಣ್ಣಿನ ಮೇಲೆ ಕೂರುವ, ಕೆಂಪು ಕಣ್ಣಿನ, ಎರಡು ಮೂರು ಮಿಲಿಮೀಟರ್ ಉದ್ದದ ಡ್ರಾಸೊಫಿಲಾ ಮೆಲನೊಗ್ಯಾಸ್ಟರ್ ಬಗ್ಗೆ.

ವೈರಸ್ ಇದ್ದರೂ ನೊಣ ಸಾಯುವುದಿಲ್ಲ ಅನ್ನುತ್ತಾರೆ. ಹಾಗಿದ್ದರೆ ಅದರಿಂದ ನೊಣದ ಫಿಟ್‌ನೆಸ್‌ಗೆ ನಷ್ಟ ಏನು? ಹಾರಾಡಿಕೊಂಡು, ಮೊಟ್ಟೆ ಇಟ್ಟುಕೊಂಡು ಇದೆಯಲ್ಲ? (ಬಿ.ಎಸ್ಸಿ. ವಿದ್ಯಾರ್ಥಿನಿ, ಮೈಸೂರು)

ಸರಿಯಾದ ಜಾಗದಲ್ಲೇ ಕೈ ಇಟ್ಟಿದ್ದೀರಿ. ನೊಣ ಬದುಕಿದೆ ಅಂದರೆ ಚೆನ್ನಾಗಿದೆ ಎಂದು ಅರ್ಥವಲ್ಲ. ಮುಂದಿನ ಪೀಳಿಗೆಗೆ ಅದು ಎಷ್ಟು ಮಕ್ಕಳನ್ನು ದಾಟಿಸಿತು, ಆ ಮಕ್ಕಳು ಎಷ್ಟು ಗಟ್ಟಿಯಾಗಿವೆ ಅನ್ನೋದೇ ಫಿಟ್‌ನೆಸ್‌ನ ಲೆಕ್ಕ.

ಈ ಲೆಕ್ಕದಲ್ಲಿ ಬಹಳ ಬಾಬ್ತುಗಳಿವೆ. 25 ಡಿಗ್ರಿ ಬಿಸಿಯಲ್ಲಿ ಮೊಟ್ಟೆಯಿಂದ ರೆಕ್ಕೆ ಬಂದ ನೊಣ ಆಗೋಕೆ ಸುಮಾರು 10 ದಿನ ಬೇಕು. ಕೊಳೆಯುತ್ತಿರುವ ಒಂದು ಹಣ್ಣಿನಲ್ಲಿ ನೂರಾರು ಮರಿಹುಳುಗಳು ತಿನ್ನುತ್ತಿರುವಾಗ, ಒಂದು ದಿನ ತಡವಾಗಿ ಬೆಳೆಯುವ ಮರಿಗೆ ಸಿಗುವುದು ಬೇರೆಯವು ತಿಂದು ಬಿಟ್ಟ, ಅವುಗಳದೇ ಹಿಕ್ಕೆ ತುಂಬಿದ ಗೊಜ್ಜು. ಅಂದರೆ ಒಂದು ದಿನದ ತಡವೂ ನಷ್ಟವೇ. ಮೊಟ್ಟೆ ಎಷ್ಟು ಇಟ್ಟಿತು, ಅದರಲ್ಲಿ ಎಷ್ಟು ಒಡೆದವು, ಗಂಡಿಗೆ ಹೆಣ್ಣು ಸಿಕ್ಕಿತಾ, ಊಟ ಇಲ್ಲದ ದಿನ ಎಷ್ಟು ಹೊತ್ತು ತಡೆದುಕೊಂಡಿತು, ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ವೈರಸ್ ಇವುಗಳಲ್ಲಿ ಯಾವುದನ್ನು ಬೇಕಾದರೂ ಸ್ವಲ್ಪ ಸ್ವಲ್ಪ ಕಚ್ಚಿಕೊಂಡು ಹೋಗಬಹುದು, ಹೊರಗಿನಿಂದ ನೋಡಿದವರಿಗೆ ಏನೂ ಕಾಣದೇ.

ನೋರಾ ವೈರಸ್ ನೋಡಿ. 2006ರಲ್ಲಿ ಸ್ವೀಡನ್ನಿನ ಉಮಿಯೊದಲ್ಲಿ, ಲ್ಯಾಬಿನಲ್ಲಿ ಆರಾಮಾಗಿದ್ದ ನೊಣಗಳಲ್ಲೇ ಅದು ಸಿಕ್ಕಿತು. ಕರುಳಿನಲ್ಲಿ ಇರುತ್ತದೆ, ಹಿಕ್ಕೆಯಲ್ಲಿ ಹೊರಗೆ ಬರುತ್ತದೆ, ಅದೇ ಊಟ ಮಾಡಿದ ಬೇರೆ ನೊಣಗಳಿಗೆ ಹೋಗುತ್ತದೆ. ಒಂದೇ ನೊಣದಲ್ಲಿ ರಾಶಿ ರಾಶಿ ವೈರಸ್ ಇದ್ದರೂ ಅದು ದಿಢೀರ್ ಅಂತ ಸಾಯುವುದಿಲ್ಲ. ಕರುಳಿನ ಕೋಶಗಳಲ್ಲಿ ಗುಳ್ಳೆಗಳು ಕಾಣುತ್ತವೆ, ಅಷ್ಟೇ. ಇನ್ನೊಂದು, ಡ್ರಾಸೊಫಿಲಾ ಎ ವೈರಸ್ ಅಂತ. ಅದೂ ಕರುಳಿನದೇ, ಆದರೆ ಅದು ಕರುಳಿನ ಒಳಪದರವನ್ನೇ ಹದಗೆಡಿಸಿ ಆಯಸ್ಸು ಕಡಿಮೆ ಮಾಡುತ್ತದೆ. ಇರುವ ಜಾಗ ಒಂದೇ, ದಾರಿಯೂ ಒಂದೇ, ಆದರೂ ಮಾಡುವ ಹಾನಿ ಬೇರೆ.

ಇಲ್ಲಿ ನನಗೆ ಬಹಳ ದಿನದಿಂದ ಹೇಳಬೇಕು ಅನ್ನಿಸಿರುವ ಒಂದು ಮಾತಿದೆ. ನೊಣದ ವೈರಸ್ ಬಗ್ಗೆ ನಾವು ಓದುವ ಎಷ್ಟೋ ಪ್ರಯೋಗಗಳಲ್ಲಿ ವೈರಸ್ಸನ್ನು ಸೂಜಿಯಿಂದ ನೇರವಾಗಿ ನೊಣದ ಎದೆಗೆ ಚುಚ್ಚಿರುತ್ತಾರೆ. ಆಮೇಲೆ ದಿನಕ್ಕೆ ಎಷ್ಟು ಸತ್ತವು ಎಂದು ಎಣಿಸಿ ಗ್ರಾಫಿನಲ್ಲಿ ಒಂದು ಗೆರೆ ಎಳೆಯುತ್ತಾರೆ. ಡ್ರಾಸೊಫಿಲಾ ಸಿ ವೈರಸ್ಸನ್ನು ಹೀಗೆ ಚುಚ್ಚಿದರೆ ಕೆಲವೇ ದಿನಗಳಲ್ಲಿ ನೊಣಗಳು ಸಾಯುತ್ತವೆ. ಅದೇ ವೈರಸ್ ಊಟದ ಜೊತೆ ಬಾಯಿಂದ ಹೋದರೆ, ರೆಕ್ಕೆ ಬಂದ ನೊಣಗಳಲ್ಲಿ ಸಾಯುವವು ಕಡಿಮೆ. ಹೊರಗಿನ ಲೋಕದಲ್ಲಿ ನೊಣಕ್ಕೆ ಯಾರೂ ಸೂಜಿ ಚುಚ್ಚುವುದಿಲ್ಲ. ರೋಗನಿರೋಧಕ ಶಕ್ತಿಯ ಒಳಗುಟ್ಟು ತಿಳಿಯೋಕೆ ಸೂಜಿ ಬೇಕೇ ಬೇಕು, ಅದರಿಂದ ಸಿಕ್ಕ ವಿಷಯ ಸಣ್ಣದೇನಲ್ಲ. ಆದರೆ ಸಹಜವಾಗಿ ಬರುವ ಸೋಂಕಿನಿಂದ ನೊಣದ ಬದುಕಿಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ಆ ಗೆರೆ ಉತ್ತರ ಕೊಡುವುದಿಲ್ಲ. ಅದಕ್ಕೆ ವೈರಸ್ಸನ್ನು ಅದರದೇ ದಾರಿಯಲ್ಲಿ ಬಿಟ್ಟು, ಕೂತು ಮೊಟ್ಟೆ ಎಣಿಸಬೇಕು.

ನಮ್ಮ ಲ್ಯಾಬಿನಲ್ಲಿ ನೊಣಗಳನ್ನು ಮಲಗಿಸಲು ಕಾರ್ಬನ್ ಡೈಆಕ್ಸೈಡ್ ಬಳಸುತ್ತೇವೆ. ಒಂದು ತಳಿಯ ನೊಣಗಳು ಮಾತ್ರ ಏಳುವುದೇ ಇಲ್ಲ, ಸತ್ತುಹೋಗುತ್ತವೆ. ಗ್ಯಾಸ್ ಜಾಸ್ತಿಯಾಯಿತಾ? (ಉಪನ್ಯಾಸಕರು, ಧಾರವಾಡ)

ಗ್ಯಾಸ್ ಜಾಸ್ತಿ ಆಗಿದ್ದರೆ ಎಲ್ಲ ತಳಿಗಳೂ ನರಳಬೇಕಿತ್ತು, ಅಲ್ವಾ? ಒಂದೇ ತಳಿ ಅಂದರೆ ಸಿಗ್ಮಾ ವೈರಸ್ ಇರಬಹುದು. ಈ ಕಥೆ ಸ್ವಲ್ಪ ಉದ್ದ, ಆದರೆ ಹೇಳಲೇಬೇಕು.

1937ರಲ್ಲಿ ಫ್ರಾನ್ಸಿನ ಲೆರಿಟಿಯೆ ಮತ್ತು ಟೆಸ್ಸಿಯೆ ಎಂಬ ಇಬ್ಬರು ಇದನ್ನೇ ಕಂಡರು. ಬಿಳಿ ತಟ್ಟೆಯ ಮೇಲೆ ನೊಣಗಳನ್ನು ಹರಡಿ ಗ್ಯಾಸ್ ಬಿಟ್ಟರೆ ಎಲ್ಲವೂ ಕ್ಷಣದಲ್ಲಿ ಮಗುಚಿ ಬೀಳುತ್ತವೆ. ಗ್ಯಾಸ್ ನಿಲ್ಲಿಸಿದ ಮೇಲೆ ಆರೋಗ್ಯದ ನೊಣ ಮೊದಲು ಕಾಲು ಅದುರಿಸುತ್ತದೆ, ಆಮೇಲೆ ಹೊರಳಿ ನಿಂತು, ರೆಕ್ಕೆ ಒರೆಸಿಕೊಂಡು ನಡೆದುಬಿಡುತ್ತದೆ. ಸೋಂಕಿರುವ ನೊಣದ ಕಾಲೂ ಅದುರುತ್ತದೆ, ಆದರೆ ಅದು ನಿಲ್ಲಲಾಗುವುದಿಲ್ಲ. ಲಕ್ವ ಹೊಡೆದ ಹಾಗೆ ಬಿದ್ದುಕೊಂಡಿದ್ದು ಕೊನೆಗೆ ಸಾಯುತ್ತದೆ. ಈ ಗುಣ ತಾಯಿ ತಂದೆಯಿಂದ ಮಕ್ಕಳಿಗೆ ಹೋಗುತ್ತಿತ್ತು, ಆದರೆ ಜೀನುಗಳು ಮಕ್ಕಳಿಗೆ ಹೇಗೆ ಹಂಚಿಕೆಯಾಗುತ್ತವೆ ಎಂಬ ಮೆಂಡೆಲ್‌ನ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ಕಾರಣ ಜೀನ್ ಅಲ್ಲ, ವೈರಸ್ ಎಂದು ಗೊತ್ತಾಗಿದ್ದು ಆಮೇಲೆ. ರೇಬೀಸ್ ವೈರಸ್ಸಿನ ಕುಟುಂಬಕ್ಕೇ ಸೇರಿದ್ದು ಇದು.

ಸಿಗ್ಮಾ ಒಂದು ನೊಣದಿಂದ ಪಕ್ಕದ ನೊಣಕ್ಕೆ ಹರಡುವುದಿಲ್ಲ. ಮೊಟ್ಟೆಯ ಮೂಲಕ, ವೀರ್ಯದ ಮೂಲಕ ಮಾತ್ರ ಹೋಗುತ್ತದೆ. ಇಲ್ಲೇ ಒಂದು ಒಗಟು. ಬರೀ ತಾಯಿಯಿಂದ ಮಾತ್ರ ಹೋಗುವ ವೈರಸ್ ಇದ್ದು, ಅದು ತಾಯಿಯ ಮೊಟ್ಟೆಗಳನ್ನು ಸ್ವಲ್ಪ ಕಡಿಮೆ ಮಾಡಿದರೂ, ಪೀಳಿಗೆಯಿಂದ ಪೀಳಿಗೆಗೆ ಸೋಂಕಿನ ಮನೆತನ ಕುಗ್ಗುತ್ತಾ ಹೋಗಿ ವೈರಸ್ಸೇ ಕಾಣೆಯಾಗಬೇಕು. ಸಿಗ್ಮಾಕ್ಕೆ ತಂದೆಯ ದಾರಿಯೂ ಇದೆ. ಸೋಂಕಿನ ಗಂಡು ಆರೋಗ್ಯದ ಹೆಣ್ಣನ್ನು ಕೂಡಿದರೆ, ಮಕ್ಕಳಲ್ಲಿ ಒಂದಷ್ಟಕ್ಕೆ ವೈರಸ್ ಬಂದೇ ಬರುತ್ತದೆ. ಹೀಗೆ ಹೊಸ ಮನೆಗಳಿಗೆ ನುಗ್ಗುತ್ತಾ ಇರುವುದರಿಂದ, ನೊಣಕ್ಕೆ ನಷ್ಟ ಮಾಡಿಯೂ ಅದು ಉಳಿದುಕೊಳ್ಳುತ್ತದೆ. ನಷ್ಟ ಅಂದೆನಲ್ಲ, ಸೋಂಕಿನ ನೊಣಗಳ ಮೊಟ್ಟೆಗಳು ಒಡೆಯುವುದು ಕಡಿಮೆ, ಚಳಿಗಾಲ ದಾಟಿ ಉಳಿಯುವುದೂ ಕಡಿಮೆ.

ಈ ನಷ್ಟ ನಿಜವೇ ಎಂದು ತೋರಿಸಿದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. 1999ರಲ್ಲಿ ಪ್ರಕಟವಾದದ್ದು. ಅದರಲ್ಲಿ ಪೈಪೋಟಿಯನ್ನೇ ತೆಗೆದುಬಿಟ್ಟರು. ಜಾಸ್ತಿ ಮಕ್ಕಳು ಹುಟ್ಟಿದ ಜೋಡಿಯಾಗಲಿ, ಕಡಿಮೆ ಹುಟ್ಟಿದ ಜೋಡಿಯಾಗಲಿ, ಮುಂದಿನ ಪೀಳಿಗೆಗೆ ಎಲ್ಲರಿಂದಲೂ ಸಮ ಸಮ. ಅಂದರೆ ಕಾಯಿಲೆಯ ನೊಣಕ್ಕೆ ಅದರ ಕಾಯಿಲೆಯ ಬೆಲೆ ತೆರಬೇಕಾಗಿಲ್ಲ. ಹಾಗೆ ಮಾಡಿದ ಕೂಡಲೇ ಸಿಗ್ಮಾ ಸರಸರನೆ ಹೆಚ್ಚಿತು. ಹೊರಗಿನ ಲೋಕದಲ್ಲಿ ಅದನ್ನು ಹತ್ತಿಕ್ಕಿ ಇಟ್ಟಿರುವುದು ಈ ಪೈಪೋಟಿಯೇ.

ನೊಣವೂ ಸುಮ್ನೆ ಕೂತಿಲ್ಲ. ರೆಫ್-2-ಪಿ ಎಂಬ ಜೀನಿನ ಒಂದು ರೂಪ ಇದ್ದರೆ ಸಿಗ್ಮಾ ಬೆಳೆಯುವುದೇ ಕಷ್ಟ. ಆದರೆ 1980ರ ದಶಕದಲ್ಲಿ ದಕ್ಷಿಣ ಫ್ರಾನ್ಸಿನ ಲಾಂಗ್‌ಡಾಕ್ ಸೀಮೆಯಲ್ಲಿ ಆ ಜೀನನ್ನೂ ಲೆಕ್ಕಿಸದ ವೈರಸ್ ತಳಿ ಹಬ್ಬಿ, ಹಳೆಯದನ್ನು ಪಕ್ಕಕ್ಕೆ ತಳ್ಳಿತು. ಇನ್ನೊಂದು ಜೀನಿನಲ್ಲಿ, ಒಂದು ಜಾಗದಿಂದ ಇನ್ನೊಂದಕ್ಕೆ ಜಿಗಿಯುವ ಡಿಎನ್ಎ ತುಂಡೊಂದು ಬಂದು ಕೂತು, ಆ ಜೀನನ್ನೇ ತುಂಡರಿಸಿ, ಅದರಿಂದಲೇ ನೊಣಕ್ಕೆ ತಡೆಯುವ ಶಕ್ತಿ ಬಂದದ್ದೂ ಉಂಟು. ಇಷ್ಟೆಲ್ಲ ಆಗಿದೆ ಅಂದರೆ ವೈರಸ್ಸಿನ ಹೊರೆ ಎಷ್ಟಿರಬೇಕು ಎಂದು ಯೋಚಿಸಿ.

ಇನ್ನು ನಿಮ್ಮ ತಳಿಯ ವಿಷಯಕ್ಕೆ ಬಂದರೆ, ಮೊದಲು ಖಾತ್ರಿ ಮಾಡಿಕೊಳ್ಳಿ. 12 ಡಿಗ್ರಿಯಲ್ಲಿ ಇಟ್ಟು 15 ನಿಮಿಷ ಗ್ಯಾಸ್ ಕೊಡಿ, ಪಕ್ಕದಲ್ಲೇ ನಂಬಿಕೆಯ ಇನ್ನೊಂದು ತಳಿಯನ್ನೂ ಇಡಿ. ಅದು ಎದ್ದು, ಇದು ಏಳದಿದ್ದರೆ ಅನುಮಾನ ಗಟ್ಟಿ. ಮೊಟ್ಟೆಯನ್ನು ಬ್ಲೀಚಿನಲ್ಲಿ ತೊಳೆದರೆ ಹೋಗುವ ವೈರಸ್ ಇದಲ್ಲ, ಮೊಟ್ಟೆಯ ಒಳಗೇ ಇರುತ್ತದೆ. ಒಂದೊಂದೇ ಜೋಡಿಯನ್ನು ಬೇರೆ ಬೇರೆ ಶೀಷೆಯಲ್ಲಿ ಇಟ್ಟು, ಮಕ್ಕಳನ್ನು ಪರೀಕ್ಷಿಸಿ, ಶುದ್ಧ ಇರುವ ಮನೆತನದಿಂದ ಮುಂದುವರಿಸಿ.

ವೈರಸ್ ಬಂದ ನೊಣ ಜಾಸ್ತಿ ಮೊಟ್ಟೆ ಇಡುತ್ತದೆ ಎಂದು ಎಲ್ಲೋ ಓದಿದೆ. ಹಾಗಾದರೆ ವೈರಸ್ ಒಳ್ಳೆಯದೇ? (ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು)

ನೀವು ಓದಿದ್ದು ಸುಳ್ಳಲ್ಲ. ಡ್ರಾಸೊಫಿಲಾ ಸಿ ವೈರಸ್ ಬಗ್ಗೆ ಫ್ರಾನ್ಸಿನಲ್ಲಿ 1980ರ ದಶಕದಲ್ಲೇ ಇಂಥ ವರದಿಗಳು ಬಂದವು. ಸೋಂಕಿದ್ದೂ ಬದುಕಿ ದೊಡ್ಡವಾದ ಹೆಣ್ಣುಗಳಲ್ಲಿ ಮೊಟ್ಟೆ ತಯಾರಾಗುವ ಕೊಳವೆಗಳು ಜಾಸ್ತಿ, ಅವು ಬೆಳೆಯುವುದೂ ಬೇಗ. ಆದರೆ ಅದೇ ವೈರಸ್ಸಿನಿಂದ ಮರಿಹುಳುವಿನ ಹಂತದಲ್ಲೇ ಒಂದಷ್ಟು ಸತ್ತಿರುತ್ತವೆ. ಉಳಿದವು ಮೊದಲೇ ಗಟ್ಟಿ ನೊಣಗಳಾಗಿದ್ದಿರಬಹುದು, ಅಲ್ವಾ? 2017ರಲ್ಲಿ ಎಡಿನ್‌ಬರೋದಿಂದ ಬಂದ ಅಧ್ಯಯನದಲ್ಲಿ, ಸಾಯಿಸುವಷ್ಟಿಲ್ಲದ ಸಣ್ಣ ಪ್ರಮಾಣದ ಸೋಂಕು ಕೊಟ್ಟಾಗಲೂ ಸಂತಾನ ಹೆಚ್ಚಿದ್ದು ಕಂಡಿತು. ಆದರೆ ಎಲ್ಲ ತಳಿಗಳಲ್ಲೂ ಅಲ್ಲ. ಜೊತೆಗೆ ಜೀರ್ಣಶಕ್ತಿ ಮತ್ತು ಓಡಾಟದಲ್ಲೂ ಏರುಪೇರು ಇತ್ತು, ಅದೂ ಗಂಡಿಗೊಂದು ಥರ, ಹೆಣ್ಣಿಗೊಂದು ಥರ.

ಈ ವೈರಸ್ ಜೋರಾದಾಗ ನೊಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೊಟ್ಟೆ ಊದಿಕೊಂಡು ಪಾರದರ್ಶಕವಾಗಿರುತ್ತದೆ. ಕುಡಿದದ್ದು ಕೆಳಗೆ ಇಳಿಯದೆ, ಆಹಾರ ಕೂಡಿಡುವ ಚೀಲದಲ್ಲೇ ನಿಂತು ಚೀಲ ಬಲೂನಿನಂತೆ ಉಬ್ಬಿರುತ್ತದೆ. ತೂಕ ಜಾಸ್ತಿ ಬರುತ್ತದೆ, ಒಳಗೆ ಹಸಿವು. ಇಂಥ ನೊಣ ಎರಡು ದಿನ ಹೆಚ್ಚು ಮೊಟ್ಟೆ ಇಟ್ಟರೆ ಅದನ್ನು ವೈರಸ್ ಕೊಟ್ಟ ಉಡುಗೊರೆ ಅನ್ನೋಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಸಾವು ಹತ್ತಿರ ಇದೆ ಎಂದಾಗ ಉಳಿದದ್ದನ್ನೆಲ್ಲ ಈಗಲೇ ಸುರಿದುಬಿಡುವುದು ಎಷ್ಟೋ ಪ್ರಾಣಿಗಳಲ್ಲಿ ಕಾಣುವ ನಡವಳಿಕೆ, ಇಲ್ಲೂ ಅದೇ ಇರಬಹುದು. ಇಡೀ ಜೀವಮಾನದ ಮೊಟ್ಟೆ ಎಣಿಸಿ, ಮರಿಗಳನ್ನೂ ಎಣಿಸಿ, ಆಮೇಲೆ ಒಳ್ಳೆಯದೋ ಕೆಟ್ಟದ್ದೋ ಹೇಳಬೇಕು.

ಇನ್ನೊಂದು ಸಂಗತಿ. ಲ್ಯಾಬುಗಳಲ್ಲಿ ಎಲ್ಲರೂ ಈ ಸಿ ವೈರಸ್ಸನ್ನೇ ಬಳಸುತ್ತಾರೆ, ಆದರೆ ಹೊರಗಿನ ನೊಣಗಳಲ್ಲಿ ಇದು ಅಪರೂಪ. 2015ರಲ್ಲಿ, ಹೊರಗೆ ಹಿಡಿದ ಎರಡು ಸಾವಿರಕ್ಕೂ ಹೆಚ್ಚು ನೊಣಗಳನ್ನು ಒಂದೊಂದಾಗಿ ಪರೀಕ್ಷಿಸಿದ ದೊಡ್ಡ ಅಧ್ಯಯನ ಬಂತು. ನಾನು ಹೋದ ಸಲ ಹೇಳಿದ ಹತ್ತಕ್ಕೆ ಮೂರರ ಲೆಕ್ಕ ಅದರದೇ. ನೂರಕ್ಕೆ ಆರಕ್ಕಿಂತ ಹೆಚ್ಚು ನೊಣಗಳಲ್ಲಿ ಒಂದಕ್ಕಿಂತ ಹೆಚ್ಚು ವೈರಸ್ ಇದ್ದವು. ಆ ಅಧ್ಯಯನದಲ್ಲಿ ಒಂದೇ ಸಲಕ್ಕೆ 20ಕ್ಕೂ ಹೆಚ್ಚು ಹೊಸ ವೈರಸ್ ಸಿಕ್ಕಿದವು, ಅವಕ್ಕೆ ಥಿಕಾ, ಕಲ್ಲಿಥಿಯಾ, ಲಾ ಹೋಯಾ ಅಂತ ಊರುಗಳ ಹೆಸರಿಟ್ಟರು. ಇವುಗಳಲ್ಲಿ ಎಷ್ಟೋ ವೈರಸ್ ನೊಣಕ್ಕೆ ಏನು ಮಾಡುತ್ತವೆ ಎಂದು ಯಾರೂ ಇನ್ನೂ ಸರಿಯಾಗಿ ಅಳೆದಿಲ್ಲ.

ನಮ್ಮ ರೇಷ್ಮೆ ಹುಳುಗಳಿಗೆ ಹಾಲುತೊಂಡೆ ರೋಗ ಬರುತ್ತದೆ, ಅದೂ ವೈರಸ್ ಅಂತಾರೆ. ನೊಣದ ವೈರಸ್ಸಿಗೂ ಅದಕ್ಕೂ ಸಂಬಂಧ ಇದೆಯೇ? (ರೇಷ್ಮೆ ಬೆಳೆಗಾರ, ರಾಮನಗರ)

ಇದೆ, ದೂರದ ನೆಂಟಸ್ತಿಕೆ. ಮೇಲೆ ಹೇಳಿದ ವೈರಸ್‌ಗಳೆಲ್ಲ ಆರ್‌ಎನ್‌ಎ ವೈರಸ್‌ಗಳು, ಅಂದರೆ ಅವುಗಳ ಜೀನುಗಳು ಡಿಎನ್ಎ ಬದಲು ಆರ್‌ಎನ್‌ಎಯಲ್ಲಿ ಇರುತ್ತವೆ. ಕಲ್ಲಿಥಿಯಾ ಮಾತ್ರ ಡಿಎನ್ಎ ವೈರಸ್, ಅಥೆನ್ಸ್ ಪಕ್ಕದ ಊರಿನ ಹೆಸರು ಅದು. ನಿಮ್ಮ ಹುಳುವಿನ ಮೈ ಊದಿಸಿ, ಚರ್ಮ ಒಡೆದರೆ ಹಾಲಿನಂಥ ರಸ ಸುರಿಸುವ ವೈರಸ್ ಬ್ಯಾಕ್ಯುಲೊ ಗುಂಪಿನದು. ಕಲ್ಲಿಥಿಯಾ ಅದರ ಹತ್ತಿರದ ನ್ಯೂಡಿವೈರಸ್ ಗುಂಪಿನದು. ನೊಣದ್ದು ಹುಳುವಿಗೆ ಬರುತ್ತದೆ ಅನ್ನೋ ಹೆದರಿಕೆ ಬೇಡ. ರೋಗದ ಹುಳು ಕಂಡರೆ ನೀವು ಈಗ ಮಾಡುವ ಹಾಗೆ ಆಯ್ದು ತೆಗೆದು, ಸುಣ್ಣ ಹಾಕಿ, ಮನೆ ಸೋಂಕು ನಿವಾರಣೆ ಮಾಡಿ.

ನೊಣದಲ್ಲಿ ಕಲ್ಲಿಥಿಯಾ ಮಾಡುವುದು ವಿಚಿತ್ರ. 2018ರ ಅಧ್ಯಯನದಲ್ಲಿ ಸೋಂಕಿನ ಗಂಡುಗಳು ಬೇಗ ಸತ್ತವು. ಹೆಣ್ಣುಗಳು ಹಾಗೆ ಸಾಯಲಿಲ್ಲ, ಆದರೆ ಓಡಾಟ ಕಡಿಮೆಯಾಯಿತು, ದಿನ ಕಳೆದಂತೆ ಮೊಟ್ಟೆ ಇಡುವುದೂ ಇಳಿಯಿತು. ಬರೀ ಹೆಣ್ಣುಗಳನ್ನು ಇಟ್ಟುಕೊಂಡು, ಬರೀ ಸಾವನ್ನು ಎಣಿಸಿದ್ದರೆ ಈ ವೈರಸ್ ನಿರುಪದ್ರವಿ ಎಂದು ಬರೆದು ಮುಗಿಸಿಬಿಡುತ್ತಿದ್ದರು!

ಡೆಂಗಿ ತಡೆಯಲು ಸೊಳ್ಳೆಗೆ ಬ್ಯಾಕ್ಟೀರಿಯಾ ಹಾಕುತ್ತಾರಂತೆ, ಅದು ಹಣ್ಣಿನ ನೊಣದಿಂದ ಬಂದದ್ದಂತೆ, ನಿಜವೇ? (ಓದುಗರು, ಉಡುಪಿ)

ನಿಜ. ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ನೊಣದ ಜೀವಕೋಶದ ಒಳಗೇ ಇದ್ದು ತಾಯಿಯಿಂದ ಮಕ್ಕಳಿಗೆ ಹೋಗುತ್ತದೆ. 2008ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಒಂದೇ ವಿಷಯ ಕಂಡವು. ವೊಲ್ಬಾಕಿಯಾ ಇರುವ ನೊಣಕ್ಕೆ ಸಿ ವೈರಸ್ ಕೊಟ್ಟರೆ ಅದು ಹೆಚ್ಚು ದಿನ ಬದುಕುತ್ತದೆ. ಅದೇ ಬ್ಯಾಕ್ಟೀರಿಯಾವನ್ನು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಹಾಕಿದಾಗ ಸೊಳ್ಳೆಯಲ್ಲಿ ಡೆಂಗಿ ವೈರಸ್ ಬೆಳೆಯುವುದು ಕುಗ್ಗಿತು. ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ಅಂಥ ಸೊಳ್ಳೆ ಬಿಟ್ಟ ಪ್ರದೇಶಗಳಲ್ಲಿ ಡೆಂಗಿ 77% ಕಡಿಮೆಯಾಯಿತು ಎಂದು 2021ರಲ್ಲಿ ವರದಿಯಾಯಿತು. ನಮ್ಮಲ್ಲಿ ಪುದುಚೇರಿಯ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಂಸ್ಥೆ ಇಂಥ ಸೊಳ್ಳೆ ತಳಿಗಳನ್ನು ಬೆಳೆಸಿದೆ.

ಆದರೆ ನೊಣಕ್ಕೇ ವಾಪಸ್ ಬಂದರೆ ಒಂದು ತೊಡಕಿದೆ. ಲ್ಯಾಬಿನಲ್ಲಿ ಅಷ್ಟು ಚೆನ್ನಾಗಿ ಕಾಪಾಡುವ ವೊಲ್ಬಾಕಿಯಾ, ಹೊರಗಿನ ನೊಣಗಳಲ್ಲಿ ಇದ್ದರೂ ಇಲ್ಲದಿದ್ದರೂ ವೈರಸ್ ಇರುವ ಪ್ರಮಾಣದಲ್ಲಿ ವ್ಯತ್ಯಾಸ ಸಿಗಲಿಲ್ಲ, ಅದೇ 2015ರ ಅಧ್ಯಯನದಲ್ಲಿ. ವೈರಸ್ ಒಳಗೆ ಬರುವುದನ್ನು ಅದು ತಡೆಯದೇ, ಬಂದ ಮೇಲಿನ ಹಾನಿ ಮಾತ್ರ ತಗ್ಗಿಸುತ್ತಿರಬಹುದು. ಹಾಗಿದ್ದರೆ ಇಲ್ಲೂ ವೈರಸ್ ಇದೆಯೋ ಇಲ್ಲವೋ ಎಂದು ನೋಡಿದರೆ ಸಾಲದು, ನೊಣಕ್ಕೆ ಏನಾಯಿತು ಎಂದೇ ನೋಡಬೇಕು.

ದೊಡ್ಡ ಉಪಕರಣ ಇಲ್ಲದ ನಮ್ಮಂಥ ಕಾಲೇಜಿನಲ್ಲಿ ಇದರ ಮೇಲೆ ಪ್ರಾಜೆಕ್ಟ್ ಮಾಡಬಹುದೇ? (ಎಂ.ಎಸ್ಸಿ. ವಿದ್ಯಾರ್ಥಿ, ಶಿವಮೊಗ್ಗ)

ಖಂಡಿತ ಮಾಡಿ. ಈ ಪ್ರಶ್ನೆ ಓದಿ ನನಗೆ ನಿಜಕ್ಕೂ ಖುಷಿಯಾಯಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ದಶಕಗಳಿಂದ ಡ್ರಾಸೊಫಿಲಾ ಕೆಲಸ ನಡೆಯುತ್ತಿದೆ, ಅಲ್ಲಿ ನೊಣಗಳ ಸ್ಟಾಕ್ ಸೆಂಟರ್ ಇದೆ. ನಿಮ್ಮ ವಿಭಾಗದ ಮೂಲಕ ಪತ್ರ ಬರೆದು ತಳಿ ಕೇಳಿ.

ಯಾವ ವೈರಸ್ ಎಂದು ಖಚಿತವಾಗಿ ಹೇಳೋಕೆ ಪಿಸಿಆರ್ (ವೈರಸ್ಸಿನ ಜೀನ್ ತುಂಡನ್ನು ಗುರುತಿಸುವ ಪರೀಕ್ಷೆ) ಬೇಕು, ಅದನ್ನು ಹತ್ತಿರದ ವಿಶ್ವವಿದ್ಯಾಲಯದಲ್ಲಿ ಮಾಡಿಸಬಹುದು. ಮಿಕ್ಕಿದ್ದೆಲ್ಲ ನಿಮ್ಮ ಕೈಯಲ್ಲೇ. ಪೇಟೆಯ ಹಣ್ಣಿನಂಗಡಿಯ ಹತ್ತಿರ ಮಾಗಿದ ಬಾಳೆಹಣ್ಣು ಇಟ್ಟು ನೊಣ ಹಿಡಿಯಿರಿ. ಒಂದೊಂದು ಹೆಣ್ಣಿನಿಂದ ಒಂದೊಂದು ಶೀಷೆ ಶುರು ಮಾಡಿ. ಆ ಮನೆತನದ ಅರ್ಧ ಮೊಟ್ಟೆಗಳನ್ನು ಬ್ಲೀಚಿನಲ್ಲಿ ಎರಡು ಮೂರು ನಿಮಿಷ ತೊಳೆದು, ಆಮೇಲೆ ನೀರಿನಲ್ಲಿ ಚೆನ್ನಾಗಿ ಜಾಲಿಸಿ ಬೆಳೆಸಿ. ಇನ್ನರ್ಧವನ್ನು ಬರೀ ನೀರಿನಲ್ಲಿ ತೊಳೆಯಿರಿ. ಸಿಪ್ಪೆಯ ಮೇಲೆ ಅಂಟಿಕೊಂಡು ಹೋಗುವ ನೋರಾ, ಸಿ ಥರದ ವೈರಸ್ ಬ್ಲೀಚಿನಿಂದ ಹೋಗುತ್ತದೆ.

ಒಂದು ಎಚ್ಚರಿಕೆ. ಬ್ಲೀಚಿನಿಂದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಹೋಗುತ್ತವೆ, ಅವು ಇಲ್ಲದಿದ್ದರೆ ಮರಿ ಬೆಳೆಯುವುದೇ ನಿಧಾನ. ಆಗ ನೀವು ಕಂಡ ವ್ಯತ್ಯಾಸ ವೈರಸ್ಸಿನದ್ದೋ ಬ್ಯಾಕ್ಟೀರಿಯಾದ್ದೋ ಗೊತ್ತಾಗುವುದಿಲ್ಲ. ಅದಕ್ಕೇ ವೈರಸ್ ಇಲ್ಲ ಎಂದು ಪಿಸಿಆರ್‌ನಲ್ಲಿ ಖಾತ್ರಿಯಾದ ತಳಿಯ ನೊಣಗಳನ್ನು ಎರಡೂ ಗುಂಪಿನ ಊಟದ ಮೇಲೆ ಒಂದು ದಿನ ಓಡಾಡಿಸಿ ತೆಗೆಯಿರಿ, ಬ್ಯಾಕ್ಟೀರಿಯಾ ಎರಡಕ್ಕೂ ಸಮ ಆಗುತ್ತದೆ. ತೊಳೆದ ಪೀಳಿಗೆಯನ್ನೇ ಅಳೆಯಬೇಡಿ, ಅದರ ಮೊಮ್ಮಕ್ಕಳನ್ನು ಅಳೆಯಿರಿ, ಬ್ಲೀಚಿನ ಏಟು ಅಷ್ಟರಲ್ಲಿ ಮರೆತಿರುತ್ತದೆ.

ಅಳೆಯುವಾಗ ಗಂಡು ಹೆಣ್ಣು ಬೇರೆ ಬೇರೆ ಇಡಿ. ಮೊಟ್ಟೆ ಎಣಿಸಲು ಊಟಕ್ಕೆ ಸ್ವಲ್ಪ ಕಪ್ಪು ದ್ರಾಕ್ಷಿ ರಸ ಬೆರೆಸಿ. ಅರ್ಧ ಮಿಲಿಮೀಟರ್ ಉದ್ದದ ಬಿಳಿ ಮೊಟ್ಟೆ, ಒಂದು ತುದಿಯಲ್ಲಿ ಎರಡು ಸಣ್ಣ ಎಳೆ ಇರುತ್ತವೆ, ಗಾಢ ಬಣ್ಣದ ಮೇಲೆ ಚೆನ್ನಾಗಿ ಕಾಣುತ್ತವೆ. ದಿನಾ ಅದೇ ಹೊತ್ತಿಗೆ ಎಣಿಸಿ, ಮರುದಿನ ಒಡೆಯದೇ ಉಳಿದ ಮೊಟ್ಟೆಗಳನ್ನೂ ಬರೆದುಕೊಳ್ಳಿ. ಮೊದಲ ವಾರಕ್ಕೆ ನಿಲ್ಲಿಸಬೇಡಿ, ಕಲ್ಲಿಥಿಯಾ ಥರದ್ದು ಇದ್ದರೆ ವ್ಯತ್ಯಾಸ ಕಾಣುವುದು ತಡವಾಗಿ. ಎಣಿಸುವವರಿಗೆ ಯಾವ ಶೀಷೆ ತೊಳೆದದ್ದು ಎಂದು ಗೊತ್ತಿರಬಾರದು, ಶೀಷೆಗೆ ಬರೀ ನಂಬರ್ ಹಾಕಿ, ಪಟ್ಟಿಯನ್ನು ನಿಮ್ಮ ಗೈಡ್ ಹತ್ತಿರ ಕೊಟ್ಟಿಡಿ.